ಹೋಳಿಗೆ ಡಬ್ಬಿಯೊಳಗಿನ ಕರಪತ್ರ

ಇಪ್ಪತ್ತು ವರ್ಷ ಪಾಠ ಮಾಡಿದ ವಿಷಯವನ್ನು ನಾನು ಒಂದು ಮಧ್ಯಾಹ್ನ ಹೋಳಿಗೆ ಬೇಯಿಸುವ ಗಡಿಬಿಡಿಯಲ್ಲಿ ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಒಂದೇ ಓಡಾಟದಲ್ಲಿ ಎರಡು ಕೆಲಸ ಮುಗಿದುಹೋಗಲಿ ಎಂದುಕೊಂಡೆ, ಅಷ್ಟೇ. ಅಷ್ಟಕ್ಕೆ ಪೊಲೀಸರು ಮನೆಗೆ ಬಂದರು. ಕೆಲಸ ಬಿಟ್ಟು ನಿಂತಿದ್ದ ಚುನಾವಣೆ ಕೈತಪ್ಪುವ ಹಾಗಾಯಿತು. ಈಗ ನೆನೆದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ.

ನನ್ನ ವಿಷಯ ಸ್ಥಳೀಯ ಸ್ವಯಮಾಡಳಿತ. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ, ಗೊತ್ತು. ನನಗೆ ಅದರ ಹುಚ್ಚು ಹಿಡಿಸಿದವಳು ನಮ್ಮ ದೊಡ್ಡವ್ವ. ಧಾರವಾಡದ ಹತ್ತಿರದ ನಮ್ಮೂರಿಗೆ ಮಂಡಲ ಪಂಚಾಯ್ತಿ ಬಂದ ಹೊಸತು. ಹೆಂಗಸರಿಗೆ ಮೀಸಲಿಟ್ಟ ಜಾಗಕ್ಕೆ ಯಾರೂ ಸಿಗದೆ ಅವಳನ್ನು ನಿಲ್ಲಿಸಿದರು. ಹೇಳಿದ ಕಡೆ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಾಳೆ ಎಂದು ಗಂಡಸರ ಅಂದಾಜು. ದೊಡ್ಡವ್ವ ಮೊದಲ ಸಭೆಯಲ್ಲೇ ನಳದ ನಕ್ಷೆ ತರಿಸಿದಳು. ಬೆಂಗಳೂರಿನಿಂದ ಬಂದ ಆ ನಕ್ಷೆಯಲ್ಲಿ ಊರಿಗೆಲ್ಲ ಒಂದೇ ನಳ, ಅದೂ ಯಾರೂ ವಾಸವಿಲ್ಲದ ರಸ್ತೆಯ ತಿರುವಿನಲ್ಲಿ. "ನಳಾ ಎಲ್ಲಿ ಹಾಕಬೇಕು ಅನ್ನೂದು ಬೆಂಗಳೂರಾಗ ಕುಂತಾವ್ರಿಗೆ ಏನ್ ಗೊತ್ತೈತಿ? ನೀರ ಹೊರಾವ್ರು ನಾವು," ಅಂದಳು. ಆರು ತಿಂಗಳು ಜಗಳಾಡಿ ನಳವನ್ನು ಹೆಂಗಸರ ದಾರಿಗೆ ತರಿಸಿದಳು. ಆಗ ನನಗೆ ಹನ್ನೊಂದು ವರ್ಷ. ಅಂದಿನಿಂದ ಎರಡು ಕೊಡ ನೀರಿಗೆ ನಾನು ನಡೆಯುವ ದಾರಿ ಅರ್ಧವಾಯಿತು.

ಮುಂದೆ ಎಂ.ಎ. ಮುಗಿಸಿ ಪಂಚಾಯ್ತಿ ಚುನಾವಣೆಗಳ ಮೇಲೆ ಪಿಎಚ್.ಡಿ. ಮಾಡಿದೆ. ಪ್ರಬಂಧದ ಒಂದು ಅಧ್ಯಾಯ ಪೂರ್ತಿ ಉಡುಗೊರೆಗಳ ಬಗ್ಗೆ. ಚುನಾವಣೆ ಹತ್ತಿರ ಬಂದಾಗ ಅರಿಷಿಣ ಕುಂಕುಮದ ಹೆಸರಿನಲ್ಲಿ ಮನೆಮನೆಗೆ ಹೋಗುವ ಸ್ಟೀಲ್ ಡಬ್ಬಿ, ಕುಬಸದ ಖಣ, ಇವನ್ನೆಲ್ಲ ಪಟ್ಟಿ ಮಾಡಿ ಖಾರವಾಗಿ ಬರೆದಿದ್ದೆ. ಅದರಲ್ಲಿ ಒಂದು ವಾಕ್ಯ ನನಗೆ ಇವತ್ತಿಗೂ ಬಾಯಿಪಾಠ: ಉಡುಗೊರೆ ತಪ್ಪಲ್ಲ, ಅದರ ಜೊತೆ ಕಳಿಸುವ ಕೋರಿಕೆ ತಪ್ಪು. ಬರೆದಾಗ ನನಗೆ ಇಪ್ಪತ್ತೇಳು ವರ್ಷ, ಮನೆಮನೆಗೆ ಹೋಗಿ ಓಟು ಕೇಳಿ ಗೊತ್ತಿರಲಿಲ್ಲ.

ಮದುವೆಯಾಗಿ ಇಂಗ್ಲೆಂಡಿಗೆ ಬಂದೆ. ನನ್ನ ಗಂಡ ಮೈಸೂರಿನವರು, ಅರಿವಳಿಕೆ ಕೊಡುವ ಡಾಕ್ಟರು. ಅವರ ಪಾಳಿಯ ರೋಟಾ ಹೇಳಿದಂತೆ ನಮ್ಮ ಸಂಸಾರ ನಡೆಯುತ್ತದೆ. ಮೊದಲು ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ ಇನ್ನೊಂದು ಕುಟುಂಬದ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡಿದ್ದೆವು. ಆಮೇಲೆ ಅವರಿಗೆ ಉತ್ತರ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ, ನನಗೆ ಅಲ್ಲಿಯದೇ ಯೂನಿವರ್ಸಿಟಿಯಲ್ಲಿ ಪಾಠ. ಲೀಡ್ಸ್‌ನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯ ಒಂದು ಸಣ್ಣ ಪಟ್ಟಣದಲ್ಲಿ ಮನೆ ತೆಗೆದುಕೊಂಡೆವು. ಬೀದಿಯ ಎರಡೂ ಬದಿ ಸೇರಿ ಇಪ್ಪತ್ತಾರು ಮನೆ. ಈ ಕಥೆ ನಡೆದಾಗ ಆ ಬೀದಿಯಲ್ಲಿ ನಮಗೆ ಹದಿನೆಂಟು ವರ್ಷ.

ಮೊದಲ ಯುಗಾದಿಗೇ ನಾನು ಎಲ್ಲ ಮನೆಗೂ ಹೋಳಿಗೆ ಹಂಚಿದೆ. ನನ್ನ ಗಂಡ ಅದನ್ನು ಒಬ್ಬಟ್ಟು ಅನ್ನುತ್ತಾರೆ, ಅನ್ನಲಿ, ತಟ್ಟುವವಳು ನಾನು. ಎದುರು ಮನೆಯಲ್ಲಿ ಬಸ್ ಓಡಿಸಿ ನಿವೃತ್ತನಾದ ಮುದುಕ ಒಬ್ಬನಿದ್ದ, ಒಂಟಿ ಜೀವ. ಅವನು ಡಬ್ಬಿಯನ್ನು ಚೆನ್ನಾಗಿ ತೊಳೆದು ವಾಪಸ್ ತಂದ. ನಮ್ಮ ಕಡೆ ಡಬ್ಬಿ ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ ಎಂದು ನಾನು ತಮಾಷೆಗೆ ಹೇಳಿದೆ. ಮುದುಕ ಡಬ್ಬಿಯನ್ನು ಮತ್ತೆ ಮನೆಗೆ ಒಯ್ದು, ಸರಿಯಾಗಿ ಒಂದು ಚಿಟಿಕೆ ಸಕ್ಕರೆ ಹಾಕಿ ತಂದುಕೊಟ್ಟ. ಸುದ್ದಿ ಬೀದಿಗೆಲ್ಲ ಹಬ್ಬಿತು. ಮುಂದಿನ ವರ್ಷಗಳಲ್ಲಿ ಡಬ್ಬಿಗಳು ಬಿಸ್ಕತ್ತು, ಟೊಮೆಟೊ ಬೀಜ, ಒಮ್ಮೆ ಒಂದು ಸ್ಕ್ರೂಡ್ರೈವರ್ ಹೊತ್ತು ಮನೆಗೆ ಬಂದವು. ಸ್ಕ್ರೂಡ್ರೈವರ್ ಯಾರದೆಂದು ಇನ್ನೂ ಗೊತ್ತಿಲ್ಲ, ಉಪಯೋಗಿಸುತ್ತಿದ್ದೇನೆ.

ಪಾಠದ ಕೋಣೆಯಲ್ಲಿ ನಾನು ದೊಡ್ಡವ್ವನ ನಳದ ಕಥೆಯನ್ನು ಪ್ರತಿ ವರ್ಷ ಹೇಳುತ್ತಿದ್ದೆ. ಊರಿನ ಬಗ್ಗೆ ತೀರ್ಮಾನ ಊರಲ್ಲಿ, ಪ್ರಾಂತ್ಯದ ಬಗ್ಗೆ ತೀರ್ಮಾನ ಪ್ರಾಂತ್ಯದಲ್ಲಿ, ಇದಕ್ಕಿಂತ ದೊಡ್ಡ ಸಿದ್ಧಾಂತ ನನ್ನ ಹತ್ತಿರ ಇರಲಿಲ್ಲ. ಉತ್ತರದ ಬಸ್ಸು, ರೈಲು, ಕಾಲೇಜುಗಳ ಹಣೆಬರಹವನ್ನು ಲಂಡನ್ ಯಾಕೆ ಬರೆಯಬೇಕು? ನಮ್ಮ ಪ್ರಾಂತ್ಯಕ್ಕೆ ನಾವೇ ಆರಿಸಿದ ಒಂದು ಸಭೆ ಬೇಕು ಎಂದು ಲೇಖನಗಳ ಮೇಲೆ ಲೇಖನ ಬರೆದೆ. ಓದಿದವರು ನನ್ನಂಥದ್ದೇ ಲೇಖನ ಬರೆಯುವವರು.

ಹೀಗಿರುವಾಗ ನಮ್ಮ ಪಟ್ಟಣದಿಂದ ಆಸ್ಪತ್ರೆಗೆ ಹೋಗುವ ಬೆಳಗಿನ ಮೊದಲ ಬಸ್ಸು ನಿಂತುಹೋಯಿತು. ಆ ಬಸ್ಸಿನಲ್ಲಿ ಹೋಗುತ್ತಿದ್ದವರು ವಾರ್ಡು ಒರೆಸುವವರು, ಅಡುಗೆಯವರು, ಲ್ಯಾಬಿನವರು. ಕಾರಿದ್ದವರಿಗೆ ನಿಂತದ್ದೇ ಗೊತ್ತಾಗಲಿಲ್ಲ. ಎಲ್ಲಿ ಕೇಳಿದರೂ ಇನ್ನೊಬ್ಬರ ಕಡೆ ಬೆರಳು. ಕೊನೆಗೆ ಲಂಡನ್ನಿನಿಂದ ಒಬ್ಬ ಅಧಿಕಾರಿ ಬಂದು ಜನರ ಸಭೆ ನಡೆಸಿದ. ನಾನು ನಲವತ್ತು ಪುಟದ ವರದಿ ಸಿದ್ಧಪಡಿಸಿಕೊಂಡು ಹೋಗಿದ್ದೆ. ಆತ ಸಭ್ಯ ಮನುಷ್ಯ, ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ಫೋನಿನಲ್ಲಿ ನಕ್ಷೆ ತೆರೆದು, "ಆಸ್ಪತ್ರೆಗೆ ನಡೆದೇ ಹೋಗಬಹುದಲ್ಲ, ಹತ್ತಿರವೇ ತೋರಿಸ್ತಿದೆ," ಅಂದ. ಎದುರು ಮನೆಯ ಮುದುಕ ಎದ್ದು ನಿಂತು, "ನಡುವೆ ಒಂದು ಗುಡ್ಡ ಇದೆ ಸ್ವಾಮಿ," ಅಂದ. ಸಭೆಯೆಲ್ಲ ನಕ್ಕಿತು. ನನಗೆ ದೊಡ್ಡವ್ವನ ದನಿ ಕೇಳಿದಂತಾಗಿ ಸಿಟ್ಟು ನೆತ್ತಿಗೇರಿತು.

ಚುನಾವಣೆಗೆ ನಿಲ್ಲುತ್ತೇನೆಂದು ಅದೇ ವಾರ ಯೂನಿವರ್ಸಿಟಿಗೆ ರಾಜೀನಾಮೆ ಕೊಟ್ಟೆ. ಜೊತೆಯವರು ರಜೆ ಹಾಕಿ ನೋಡು ಅಂದರು, ನಾನು ಹಾಕಲಿಲ್ಲ. ಹಿಂದೆ ಬಾಗಿಲು ತೆರೆದಿದ್ದರೆ ನಾನು ಹಿಂದಕ್ಕೇ ಓಡುವವಳು, ನನ್ನ ಬುದ್ಧಿ ನನಗೆ ಗೊತ್ತು.

"ಏನೇ ಇದು, ಈ ವಯಸ್ಸಲ್ಲಿ ಎಲೆಕ್ಷನ್ನು?" ಅಂದರು ನನ್ನ ಗಂಡ.

"ನಿಮ್ಮ ಆಸ್ಪತ್ರಿ ಬಸ್ಸೇ ರೀ ಅದು," ಅಂದೆ.

"ನಾನು ಕಾರಲ್ಲಿ ಹೋಗ್ತೀನಲ್ಲ."

"ನಿಮ್ಮ ಆಪರೇಷನ್ ಥಿಯೇಟರ್ ಒರಸಾಕಿ ಹ್ಯಾಂಗ ಹೋಗ್ತಾಳ?"

ಅವರು ಪೇಪರ್ ಮಡಚಿಟ್ಟರು. "ಸರಿ. ನಿಂತ್ಕೋ. ಆದರೆ ಸೋತ್ರೆ ಮನೇಲಿ ಲೆಕ್ಚರ್ ಕೊಡಬಾರದು, ಈಗಲೇ ಹೇಳಿದ್ದೀನಿ." ಮಹಡಿಯಿಂದ ಮಗಳು ಕೂಗಿದಳು, "ಶೀ ವಿಲ್ ಗಿವ್ ದ ಲೆಕ್ಚರ್ ಎನಿವೇ, ಅಪ್ಪಾ!" ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

ನಾನು ನಿಂತದ್ದು ಪಟ್ಟಣದ ಕೌನ್ಸಿಲಿಗೆ, ನಮ್ಮ ವಾರ್ಡಿನಿಂದ. ಒಂದು ಕುರ್ಚಿಯಿಂದ ಪ್ರಾಂತ್ಯದ ಸಭೆ ಹುಟ್ಟುವುದಿಲ್ಲ, ನಿಜ. ಆದರೆ ಬಸ್ಸಿನ ಅಧಿಕಾರವನ್ನು ಪ್ರಾಂತ್ಯಕ್ಕೆ ಕೊಡಿ ಎಂದು ನಮ್ಮ ಕೌನ್ಸಿಲ್ ಗಟ್ಟಿಯಾಗಿ ಕೇಳಬೇಕೋ ಬೇಡವೋ ಎಂಬಲ್ಲಿ ಪರ ವಿರೋಧ ಸಮಸಮವಾಗಿ ನಿಂತಿತ್ತು. ನಮ್ಮ ವಾರ್ಡಿನ ಕುರ್ಚಿ ಯಾರದೋ ತಕ್ಕಡಿ ಅವರ ಕಡೆ. ಹಾಗಾಗಿ ಆ ಕುರ್ಚಿ ನನಗೆ ಬೇಕೇ ಬೇಕಿತ್ತು.

ಇಲ್ಲಿಯ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಒಬ್ಬ ಏಜೆಂಟ್ ಇರಬೇಕು, ಕಾನೂನಿನ ಪ್ರಕಾರ ಎಲ್ಲಕ್ಕೂ ಜವಾಬ್ದಾರಿ ಅವರದು. ನನ್ನ ಏಜೆಂಟ್ ನಿವೃತ್ತ ಲೈಬ್ರರಿಯನ್ ಹೆಂಗಸು, ಈ ಪಟ್ಟಣದಲ್ಲೇ ಹುಟ್ಟಿ ಬೆಳೆದವರು. ಮೊದಲ ದಿನ ನನ್ನ ಕೈಗೆ ಒಂದು ಮರದ ಸೌಟು ಕೊಟ್ಟರು. ಬಾಗಿಲಲ್ಲಿ ಕಾಗದ ಹಾಕುವ ಕಿಂಡಿಯ ಹಿಂದೆ ನಾಯಿ ಕಾದಿರುತ್ತದೆ, ಕರಪತ್ರವನ್ನು ಸೌಟಿನಿಂದ ಒಳಗೆ ತಳ್ಳಬೇಕು, ಬೆರಳಿಂದಲ್ಲ. ಎರಡು ವಾರದಲ್ಲಿ ಆ ಸೌಟಿನ ತುದಿಯನ್ನು ನಾಯಿಗಳು ಗರಗಸದಂತೆ ಮಾಡಿದವು. ನನ್ನ ಕರಪತ್ರವೂ ಕಮ್ಮಿಯೇನಿರಲಿಲ್ಲ. ಎಂಟು ಪುಟ, ಸಣ್ಣ ಅಕ್ಷರ, ಅಡಿಟಿಪ್ಪಣಿ ಬೇರೆ. ಏಜೆಂಟ್ ನಿಟ್ಟುಸಿರು ಬಿಟ್ಟು, "ಇದನ್ನು ನಾಯಿ ಮಾತ್ರ ಪೂರ್ತಿ ಮುಗಿಸುತ್ತೆ," ಅಂದರು. ಕತ್ತರಿಸಿ ನಾಲ್ಕು ಪುಟ ಮಾಡಿದೆ. ಮೇಲೆ ದಪ್ಪ ಅಕ್ಷರದಲ್ಲಿ, ಇಲ್ಲಿಯ ಮಾತು ಇಲ್ಲೇ ತೀರ್ಮಾನವಾಗಲಿ ಎಂದು ಬರೆದೆವು.

ಎದುರು ಮನೆಯ ಮುದುಕ ಕರಪತ್ರದ ಕರಡನ್ನು ತರಿಸಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದಿದ. ನಾನು ಕೊಟ್ಟ ಬಸ್ಸಿನ ವೇಳೆಗಳಲ್ಲಿ ಮೂರು ತಪ್ಪಿದ್ದವು. "ಕಾಗದದಲ್ಲಿ ಬಸ್ಸು ಹತ್ತು ನಿಮಿಷಕ್ಕೆ ಗುಡ್ಡ ಹತ್ತುತ್ತೆ, ಲವ್. ಸ್ಟೀರಿಂಗ್ ಹಿಡಿದವನಿಗೆ ಹದಿನೇಳು ಬೇಕು," ಅಂದ. ಈ ಕಡೆಯವರು ಹೆಂಗಸರನ್ನೆಲ್ಲ ಲವ್ ಎಂದೇ ಕರೆಯುತ್ತಾರೆ. ಇಪ್ಪತ್ತು ವರ್ಷ ಬೇರೆಯವರ ಉತ್ತರ ಪತ್ರಿಕೆ ತಿದ್ದಿದವಳು ನಾನು. ಬಾಯಿ ಮುಚ್ಚಿಕೊಂಡು ತಿದ್ದಿಸಿಕೊಂಡೆ.

ಆ ವರ್ಷದ ಯುಗಾದಿ ಪ್ರಚಾರದ ನಟ್ಟನಡುವೆ ಬಂತು. ಬೆಳಗ್ಗೆ ಬೇಳೆ ಬೇಯಿಸಿ ಹೂರಣ ರುಬ್ಬಿದೆ, ಕಣಕ ನಾದಿದೆ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೈದು ಡಬ್ಬಿ ಸಾಲಾಗಿ ಮೇಜಿನ ಮೇಲೆ ಕೂತಿದ್ದವು, ಮನೆಗೆ ನಾಲ್ಕು ಹೋಳಿಗೆಯಂತೆ. ನಮ್ಮ ಬೀದಿಯ ಕರಪತ್ರಗಳೂ ಅಲ್ಲೇ ಕಟ್ಟಾಗಿ ಬಿದ್ದಿದ್ದವು, ಇನ್ನೂ ಹಂಚಿರಲಿಲ್ಲ. ಸಂಜೆ ಬೇರೆ ಕಡೆ ಸಭೆ. ಮಳೆ ಬರುವ ಹಾಗಿತ್ತು. ಎರಡು ಸಲ ಯಾಕೆ ಸುತ್ತಬೇಕು ಎಂದು ಒಂದೊಂದು ಕರಪತ್ರ ಮಡಚಿ ಡಬ್ಬಿಯ ತಳಕ್ಕೆ ಹಾಕಿದೆ, ಮೇಲೆ ಫಾಯಿಲ್, ಅದರ ಮೇಲೆ ಹೋಳಿಗೆ. ಕರಪತ್ರಕ್ಕೆ ತುಪ್ಪ ತಾಗದಿರಲಿ ಎಂದು ಎಷ್ಟು ಜಾಗ್ರತೆ ವಹಿಸಿದೆ ಎಂದರೆ, ಅದನ್ನು ನೆನೆದರೆ ಇವತ್ತಿಗೂ ಮೈ ಬಿಸಿಯಾಗುತ್ತದೆ.

ಎರಡು ವಾರದ ಮೇಲೆ ಏಜೆಂಟ್ ಫೋನ್ ಮಾಡಿದರು. ದನಿ ಬದಲಾಗಿತ್ತು. "ನೀವು ಯಾರಿಗಾದರೂ ತಿಂಡಿ ಕೊಟ್ರಾ?"

"ಎಲ್ಲರಿಗೂ ಕೊಟ್ಟೆ. ಯುಗಾದಿ."

ಅದಕ್ಕೆ ಅವರು ಹೇಳಿದ ಪದವನ್ನು ನಾನು ಪಾಠದಲ್ಲೂ ಹೇಳಿದ್ದೆ: ಟ್ರೀಟಿಂಗ್. ಓಟಿನ ಆಸೆಯಿಂದ ಮತದಾರರಿಗೆ ತಿನ್ನಲು ಕುಡಿಯಲು ಕೊಡುವುದು ಈ ದೇಶದಲ್ಲಿ ಹಳೆಯ ಅಪರಾಧ. ನಮ್ಮ ಬೀದಿಯವರೇ ಯಾರೋ ಹೋಳಿಗೆಯ ಫೋಟೊ, ಕರಪತ್ರದ ಫೋಟೊ ಎರಡನ್ನೂ ಸೇರಿಸಿ ಪೊಲೀಸರಿಗೆ ದೂರು ಬರೆದಿದ್ದರು. ಸಾಬೀತಾದರೆ ಗೆದ್ದ ಕುರ್ಚಿಯೂ ಹೋಗುತ್ತದೆ, ಮತ್ತೆ ನಿಲ್ಲುವ ಹಕ್ಕೂ ಹೋಗಬಹುದು.

ಫೋನ್ ಇಟ್ಟು ಅಡುಗೆಮನೆಯಲ್ಲಿ ಕೂತೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದನ್ನು ನನ್ನ ಮುಖ ನೋಡಿಯೇ ಹೇಳಿದ ಹಾಗಿತ್ತು. ಸ್ಟೀಲ್ ಡಬ್ಬಿಯ ಬಗ್ಗೆ ಒಂದು ಅಧ್ಯಾಯ ಬರೆದವಳು ಸ್ಟೀಲ್ ಡಬ್ಬಿಯಲ್ಲೇ ಸಿಕ್ಕಿಬಿದ್ದಿದ್ದೆ. ನಾಚಿಕೆಯಾಯಿತು. ಭಯವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನ ಹತ್ತು ಗಂಟೆಗೆ ಪೊಲೀಸ್ ಅಧಿಕಾರಿ ಬಂದ. ನಲವತ್ತರ ಆಸುಪಾಸಿನ ಮೆದು ಮಾತಿನ ಮನುಷ್ಯ. ಅಭ್ಯಾಸಬಲದಿಂದ, "ಕಾಫಿ ಕುಡೀತೀರಾ?" ಅಂದೆ. ಅವನು ನಕ್ಕು, "ಈ ಸಂದರ್ಭದಲ್ಲಿ ಬೇಡ," ಅಂದ. ಪಕ್ಕದಲ್ಲಿದ್ದ ಏಜೆಂಟ್ ಕಣ್ಣು ಮುಚ್ಚಿಕೊಂಡರು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಹದಿನೆಂಟು ವರ್ಷದಿಂದ ಕೊಡುತ್ತಿದ್ದೇನೆ ಅಂದಾಗ ಅವನ ಮುಖದಲ್ಲಿ ನಿರಾಳ ಕಂಡಿತು. "ಹಾಗಾದರೆ ಇದು ನಿಮ್ಮ ಧಾರ್ಮಿಕ ಪದ್ಧತಿ ಅಂತ ಬರ್ಕೊಳ್ಳಲಾ? ಇಲ್ಲಿಗೇ ಮುಗಿದುಹೋಗುತ್ತೆ." ಏಜೆಂಟ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಹೂಂ ಅಂದರೆ ಸಾಕಿತ್ತು. ನಮ್ಮವರ ಹಬ್ಬ, ನಿಮಗೆ ಅರ್ಥವಾಗುವುದಿಲ್ಲ ಎಂದು ಒಂದು ಮಾತು ಅಂದಿದ್ದರೆ ಅವನು ಗೌರವದಿಂದ ಎದ್ದು ಹೋಗುತ್ತಿದ್ದ.

ಆದರೆ ಇದೇ ಮಾತನ್ನು ನಾನು ಧಾರವಾಡದ ಕಡೆಯ ಹಳ್ಳಿಗಳಲ್ಲಿ ಖಣ ಹಂಚಿದವರ ಬಾಯಲ್ಲಿ ಕೇಳಿದ್ದೆ. ಪದ್ಧತಿ ರೀ ಮೇಡಂ, ನಮ್ಮ ಹೆಣ್ಣಮಕ್ಕಳಿಗೆ ಉಡಿ ತುಂಬೂದು ಪದ್ಧತಿ. ಅವರನ್ನು ನಾನು ಪ್ರಬಂಧದಲ್ಲಿ ಸುಮ್ಮನೆ ಬಿಟ್ಟಿರಲಿಲ್ಲ. ನಮ್ಮ ಊರಿನ ಅಧಿಕಾರ ನಮ್ಮ ಕೈಗೆ ಕೊಡಿ ಎಂದು ಕೇಳುವವಳು, ನಿಯಮ ಬಂದಾಗ ಮಾತ್ರ ನಾನು ಬೇರೆ ಊರಿನವಳು ಅನ್ನುವುದು ಹೇಗೆ?

"ಹೋಳಿಗೆ ಪದ್ಧತಿ," ಅಂದೆ. "ಕರಪತ್ರ ಪದ್ಧತಿ ಅಲ್ಲ. ಅದನ್ನು ಈ ವರ್ಷ ನಾನೇ ಹಾಕಿದ್ದು. ಹಾಗೇ ಬರ್ಕೊಳ್ಳಿ."

ಅವನು ಹಾಗೇ ಬರೆದುಕೊಂಡ. ಮೇಲಿನವರು ನೋಡಿ ತಿಳಿಸುತ್ತಾರೆ ಅಂದು ಹೊರಟುಹೋದ. ಬಾಗಿಲು ಹಾಕಿದ ಮೇಲೆ ಏಜೆಂಟ್, "ನಾನು ಮೂವತ್ತು ವರ್ಷ ಲೈಬ್ರರಿಯಲ್ಲಿದ್ದೆ," ಅಂದರು. "ಪುಸ್ತಕ ಕಳೆದುಕೊಂಡವರು ಯಾರೂ ನಿಜ ಹೇಳಿದ್ದು ನಾನು ನೋಡಿಲ್ಲ. ನಿಮ್ಮಿಂದ ನನಗೆ ತಲೆನೋವು." ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದವರು ತಿರುಗಿ, "ಮುಂದೇನು?" ಅಂದರು. ಬಿಟ್ಟು ಹೋಗುತ್ತಾರೆ ಅಂದುಕೊಂಡಿದ್ದೆ, ಹೋಗಲಿಲ್ಲ.

ಮುಂದೇನು ಎಂಬುದು ನನಗೆ ಆಗಲೇ ಗೊತ್ತಿತ್ತು. ಇಪ್ಪತ್ತೈದು ಮನೆಗೂ ಮತ್ತೆ ಹೋಗಬೇಕು, ಈ ಸಲ ಬರಿಗೈಯಲ್ಲಿ. ಬರಿಗೈಯಲ್ಲಿ ಇನ್ನೊಬ್ಬರ ಮನೆಗೆ ಹೋಗಬಾರದೆಂದು ಬೆಳೆದವಳು ನಾನು. ಮೊದಲ ಮೂರು ಮನೆಗಳ ಮುಂದೆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಎಲ್ಲರಿಗೂ ಒಂದೇ ಮಾತು ಹೇಳಿದೆ: ಸಿಹಿಯ ಜೊತೆ ಕರಪತ್ರ ಇಟ್ಟದ್ದು ನನ್ನ ತಪ್ಪು, ಆ ಕರಪತ್ರ ವಾಪಸ್ ಕೊಡಿ, ಸಿಹಿಯನ್ನು ಮರೆತು ನಿಮಗೆ ಸರಿ ಕಂಡವರಿಗೆ ಓಟು ಹಾಕಿ. ಕೆಲವರು ನಕ್ಕರು. ಒಬ್ಬರು ಕರಪತ್ರವನ್ನು ಓದದೇ ಎಸೆದಿದ್ದಕ್ಕೆ ಕ್ಷಮೆ ಕೇಳಿದರು. ಎದುರು ಮನೆಯ ಮುದುಕ ಮಾತ್ರ ಸಿಟ್ಟಾದ. "ಲವ್, ನಾಲ್ಕು ಸಿಹಿ ರೊಟ್ಟಿಗೆ ನನ್ನ ಓಟು ಸಿಗುತ್ತೆ ಅಂತ ನೀವು ತಿಳ್ಕೊಂಡಿದ್ರೆ ಅದು ನನಗೆ ಅವಮಾನ. ನಾನು ನಲವತ್ತು ವರ್ಷದಿಂದ ಒಂದೇ ಪಾರ್ಟಿಗೆ ಹಾಕ್ತಿರೋನು," ಅಂದ. ಆ ಪಾರ್ಟಿ ನನ್ನದಲ್ಲ ಎಂಬುದೂ ಅವತ್ತೇ ತಿಳಿಯಿತು.

ಕೊನೆಯ ಮನೆಯಲ್ಲಿ ಆರು ತಿಂಗಳ ಹಿಂದಷ್ಟೇ ಕೊವೆಂಟ್ರಿಯಿಂದ ಬಂದ ಹುಡುಗಿ ಇದ್ದಳು, ಮೂವತ್ತರ ಒಳಗಿನವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿ. ನಾನು ಮಾತು ಮುಗಿಸುವ ಮೊದಲೇ, "ದೂರು ಬರೆದದ್ದು ನಾನೇ," ಅಂದಳು.

ಬೈಯಬೇಕೆಂದು ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೈಗುಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಅವಳು ಹೆದರಿದ್ದಳು, ಆದರೂ ಬಾಗಿಲು ಹಾಕಿಕೊಂಡಿರಲಿಲ್ಲ.

"ನೀವು ಪ್ರತಿ ವರ್ಷ ಕೊಡ್ತೀರಿ ಅಂತ ನನಗೆ ಗೊತ್ತಿರಲಿಲ್ಲ," ಅಂದಳು. "ನನಗೆ ಅದು ಮೊದಲನೇ ಡಬ್ಬಿ. ಈ ಬೀದಿಯಲ್ಲಿ ಯಾರೂ ನನ್ನ ಬಾಗಿಲು ತಟ್ಟಿರಲಿಲ್ಲ. ಎಷ್ಟು ಖುಷಿಯಾಯ್ತು ಗೊತ್ತಾ? ತಿಂದು ಮುಗಿಸಿದ ಮೇಲೆ ಕೆಳಗೆ ಅದು ಸಿಕ್ಕಿತು."

ಅಲ್ಲಿಯವರೆಗೆ ವಾಪಸ್ ಸಿಕ್ಕ ಕರಪತ್ರಗಳನ್ನು ನಾನು ಬೆನ್ನ ಹಿಂದೆ ಹಿಡಿದುಕೊಂಡೆ.

"ಕರಪತ್ರ ಓದಿದೆ. ಎಲ್ಲ ನಿಜ. ಆ ಬಸ್ಸು ನಿಂತ ಮೇಲೆ ನಾನು ದಿನಾ ಆ ಗುಡ್ಡ ಹತ್ತಿ ಹೋಗ್ತೀನಿ, ಕತ್ತಲಲ್ಲಿ. ನಿಮಗೇ ಓಟು ಹಾಕ್ತಿದ್ದೆ. ಆದರೆ ನಿಮ್ಮ ಸಿಹಿ ನನಗೆ ಬಂದದ್ದಲ್ಲ, ನನ್ನ ಓಟಿಗೆ ಬಂದದ್ದು ಅನ್ನಿಸ್ತು."

"ನೀವು ಅಂದುಕೊಂಡದ್ದರಲ್ಲಿ ತಪ್ಪಿಲ್ಲ," ಅಂದೆ. "ದೂರು ಕೊಟ್ಟದ್ದೂ ಸರಿ. ವಾಪಸ್ ತಗೊಳ್ಳಿ ಅಂತ ಕೇಳೋಕೆ ಬಂದಿಲ್ಲ."

ಕರಪತ್ರ ತಂದುಕೊಟ್ಟಳು. ಡಬ್ಬಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬರುವ ಹೊತ್ತಿಗೆ ಮೈಯೆಲ್ಲ ಒದ್ದೆ, ಸಣ್ಣ ಮಳೆ ಯಾವಾಗ ಹಿಡಿಯಿತೋ ಗಮನಿಸಿರಲಿಲ್ಲ. ಅವತ್ತು ಅತ್ತೆ. ನನ್ನ ಗಂಡ ಟವಲ್ ತಂದುಕೊಟ್ಟು ಪಕ್ಕದಲ್ಲಿ ಕೂತರು.

ಮತದಾನ ಮುಗಿದ ಮಾರನೆಯ ದಿನ ಸ್ಪೋರ್ಟ್ಸ್ ಹಾಲಿನಲ್ಲಿ ಎಣಿಕೆ. ಎರಡು ಸಲ ಎಣಿಸಿದರು. ಒಂಬತ್ತು ಮತಗಳಿಂದ ಸೋತೆ. ಮೂರು ದಿನದ ಮೇಲೆ ಪೊಲೀಸರ ಪತ್ರ ಬಂತು: ದುರುದ್ದೇಶ ಕಾಣಲಿಲ್ಲ, ಮುಂದಿನ ಕ್ರಮವಿಲ್ಲ. ಹೂಂ ಎಂದು ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದೆನೇನೋ. ಬೀದಿಯ ಮನೆಮನೆಗೂ ಹೋಗಿ ನನಗೇ ಹಾಕಿ ಎಂದು ಹೇಳದೆ ಬಂದವಳು ಯಾರ ಮೇಲೆ ಸಿಟ್ಟು ಮಾಡಬೇಕು?

"ಒಂಬತ್ತು," ಅಂದರು ನನ್ನ ಗಂಡ ಊಟದ ಮೇಜಿನಲ್ಲಿ. "ಇನ್ನೊಂದು ಬೀದಿಗೂ ಒಬ್ಬಟ್ಟು ಕೊಟ್ಟಿದ್ರೆ ಆಗೋದು."

ಕೈಯಲ್ಲಿದ್ದ ಚಪಾತಿ ಎಸೆಯಬೇಕು ಎನಿಸಿತು. ಆಮೇಲೆ ನಾನೇ ಮೊದಲು ನಕ್ಕೆ. ನಕ್ಕ ಮೇಲೆ ಹೇಳಿದೆ, "ಮುಂದಿನ ವರ್ಷ ಮತ್ತ ನಿಲ್ತೀನಿ." ನಮ್ಮ ವಾರ್ಡಿನಲ್ಲಿ ಮುಂದಿನ ವರ್ಷ ಇನ್ನೊಂದು ಕುರ್ಚಿಗೆ ಚುನಾವಣೆ ಇತ್ತು. ಅವರು ಲೆಕ್ಚರಿನ ಮಾತೆತ್ತಲಿಲ್ಲ, ಸಾರು ಬಡಿಸಿದರು.

ಆ ವರ್ಷವೆಲ್ಲ ಬೆಳಗ್ಗೆ ಬಸ್ ಇಲ್ಲದ ಬಸ್ ಸ್ಟಾಪಿನಲ್ಲಿ ನಿಂತೆ. ವಾರಕ್ಕೆ ಎರಡು ದಿನ. ಯಾರು ನಡೆದು ಹೋಗುತ್ತಾರೆ, ಎಷ್ಟು ಹೊತ್ತಾಗುತ್ತದೆ, ಮಂಜು ಬಿದ್ದ ದಿನ ಎಲ್ಲಿ ಜಾರುತ್ತದೆ, ಕೇಳಿ ಬರೆದುಕೊಂಡೆ. ಕೆಲವು ದಿನ ಅವರ ಜೊತೆ ನಾನೂ ಗುಡ್ಡ ಹತ್ತಿದೆ. ನಲವತ್ತು ಪುಟದ ವರದಿಯಲ್ಲಿ ಇಲ್ಲದ ಸಂಗತಿಗಳು ಆ ದಾರಿಯಲ್ಲಿ ಸಿಕ್ಕವು. ಕೌನ್ಸಿಲಿನ ಸಭೆಗಳಲ್ಲಿ ಸಾರ್ವಜನಿಕರಿಗೆ ಪ್ರಶ್ನೆ ಕೇಳಲು ಕೊಡುವ ಮೂರು ನಿಮಿಷವನ್ನು ಒಂದು ಸಭೆಯನ್ನೂ ಬಿಡದೆ ಉಪಯೋಗಿಸಿದೆ. ನಾನು ಎದ್ದು ನಿಂತರೆ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು. ನೋಡಲಿ, ಮೂರು ನಿಮಿಷಕ್ಕೆ ಒಂದು ಕ್ಷಣವೂ ಕಮ್ಮಿ ಮಾತಾಡಲಿಲ್ಲ. ಲ್ಯಾಬಿನ ಹುಡುಗಿ ದಾರಿಯಲ್ಲಿ ಸಿಕ್ಕಾಗ ತಲೆ ಆಡಿಸಿ ಮುಂದೆ ಹೋಗುತ್ತಿದ್ದಳು. ಒಂದು ದಿನ ಹಿಮದಲ್ಲಿ ಇಬ್ಬರೂ ಗುಡ್ಡವನ್ನು ಜೊತೆಯಾಗಿ ಹತ್ತಿದೆವು, ಒಂದು ಮಾತೂ ಆಡದೆ. ನಲವತ್ತೊಂಬತ್ತು ನಿಮಿಷ ಹಿಡಿಯಿತು.

ಮತ್ತೆ ಯುಗಾದಿ ಬಂತು, ಮತ್ತೆ ಚುನಾವಣೆ ಎದುರಿಗಿತ್ತು. ಆ ಸಲ ಮೂವರಿಗೆ ಸಾಕಾಗುವಷ್ಟೇ ಹೋಳಿಗೆ ಮಾಡಿದೆ. ವಾಸನೆ ಬೀದಿಗೆ ಹೋಗದಿರಲಿ ಎಂದು ಕಿಟಕಿ ಹಾಕಿಕೊಂಡು ಬೇಯಿಸಿದೆ, ಕಳ್ಳತನದ ಅಡುಗೆಯ ಹಾಗೆ. ಖಾಲಿ ಡಬ್ಬಿಗಳು ಕಪಾಟಿನಲ್ಲೇ ಉಳಿದವು. ನಾಮಪತ್ರ ಮೇಜಿನ ಮೇಲಿತ್ತು. ಅದಕ್ಕೆ ವಾರ್ಡಿನ ಇಬ್ಬರು ಮತದಾರರ ಸಹಿ ಬೇಕು. ಒಂದನ್ನು ಎದುರು ಮನೆಯ ಮುದುಕ ಹಾಕಿದ್ದ. "ಸಹಿ ಬೇರೆ, ಓಟು ಬೇರೆ. ನಿಲ್ಲೋ ಹಕ್ಕಿಗೆ ಸಹಿ," ಎಂದು ಮೂರು ಸಲ ಹೇಳಿ ಹಾಕಿದ್ದ. ಎರಡನೆಯದಕ್ಕೆ ಯಾರನ್ನು ಕೇಳಬೇಕೆಂದು ಯೋಚಿಸುತ್ತಿದ್ದೆ. ಬೀದಿಯಲ್ಲಿ ಯಾರನ್ನು ಕೇಳಲೂ ಮನಸ್ಸು ಅಳುಕುತ್ತಿತ್ತು.

ಸಂಜೆ ನಾಲ್ಕಕ್ಕೆ ಬಾಗಿಲ ಗಂಟೆ ಬಾರಿಸಿತು. ಲ್ಯಾಬಿನ ಹುಡುಗಿ ನಿಂತಿದ್ದಳು. ಕೈಯಲ್ಲಿ ನನ್ನ ಡಬ್ಬಿ.

"ಖಾಲಿ ಕೊಡಬಾರದಂತೆ," ಅಂದಳು. "ಎದುರು ಮನೆಯವರು ಹೇಳಿದರು. ಅದಕ್ಕೇ ಇಷ್ಟು ದಿನ ಕೊಡಲಿಲ್ಲ. ಏನು ಹಾಕಬೇಕು ಅಂತ ಗೊತ್ತಾಗಲಿಲ್ಲ. ಇವತ್ತು ನಿಮ್ಮ ಹಬ್ಬ ಅಂದ್ರು."

ಮುಚ್ಚಳ ತೆಗೆದೆ. ಶುಂಠಿ ಹಾಕಿದ ಕೇಕು, ಒಂದು ಮೂಲೆ ಸ್ವಲ್ಪ ಸೀದಿತ್ತು. ಅಭ್ಯಾಸ ನೋಡಿ, ನಾನು ಒಂದು ತುಂಡನ್ನು ಎತ್ತಿ ಕೆಳಗೆ ನೋಡಿದೆ. ಅವಳು ನೋಡಿಬಿಟ್ಟಳು.

"ಕೆಳಗೆ ಏನೂ ಇಲ್ಲ," ಅಂದಳು. ನಾವಿಬ್ಬರೂ ನಕ್ಕೆವು.

ಒಳಗೆ ಕರೆದೆ. ಬರಲಿಲ್ಲ. ಬಾಗಿಲಲ್ಲೇ ನಿಂತು ಮೇಜಿನ ಮೇಲಿನ ಕಾಗದದ ಕಡೆ ಕೈ ತೋರಿಸಿ, "ಅದಕ್ಕೆ ಇನ್ನೊಂದು ಸಹಿ ಬೇಕಂತಲ್ಲ," ಅಂದಳು. ಮುದುಕ ಅದನ್ನೂ ಹೇಳಿದ್ದ, ಅವನ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ನಾನು ಪೆನ್ನು ತರಲು ತಿರುಗಿದೆ. ಅವಳು ತಡೆದಳು.

"ಇವತ್ತು ಬೇಡ. ಎರಡನ್ನೂ ಒಟ್ಟಿಗೆ ಕೊಡಬಾರದಲ್ವಾ? ಇವತ್ತು ಡಬ್ಬಿ. ಕಾಗದಕ್ಕೆ ನಾಳೆ ಬರ್ತೀನಿ."

ಅವಳು ತನ್ನ ಮನೆ ಸೇರುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ. ಬರುತ್ತಾಳೋ ಇಲ್ಲವೋ ಎಂದು ಮಾರನೆಯ ದಿನ ಬೆಳಗಿನಿಂದ ಕಿಟಕಿಯ ಪರದೆ ಎಷ್ಟು ಸಲ ಸರಿಸಿದೆನೋ, ಮಗಳು ಅಣಕಿಸಿದಳು. ಆ ಮೇ ತಿಂಗಳಲ್ಲಿ ನಾನು ಗೆದ್ದೆ. ಬಸ್ಸಿನ ಅಧಿಕಾರ ನಮಗೆ ಕೊಡಿ ಎಂದು ಕೌನ್ಸಿಲ್ ಒಂದು ಮತದ ಬಹುಮತದಿಂದ ಕೇಳಿತು, ಆ ಒಂದು ಮತ ನನ್ನದು. ಬೆಳಗಿನ ಬಸ್ಸು ಇನ್ನೂ ಬಂದಿಲ್ಲ, ನಾನು ಬಿಟ್ಟಿಲ್ಲ. ಅದೆಲ್ಲ ಆದದ್ದು ಆಮೇಲೆ. ಅವತ್ತು ಪಾಳಿ ಮುಗಿಸಿ, ಗುಡ್ಡ ಇಳಿದು, ಕೋಟನ್ನೂ ಬಿಚ್ಚದೆ ಅವಳು ನೇರವಾಗಿ ನಮ್ಮ ಮನೆಗೆ ಬಂದು ಸಹಿ ಹಾಕಿದಳು. ಬರಿಗೈಯಲ್ಲಿ ಬಂದಿದ್ದಳು. ನಮ್ಮ ಮನೆಗೆ ಬರಿಗೈಯಲ್ಲಿ ಬಂದವರನ್ನು ಕಂಡು ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.